ಒಂದು ಬುಧವಾರಕ್ಕೆ ಐದು ತಾರೀಖು

ಇತಿಹಾಸವೆಂದರೆ ಇಸವಿಗಳ ಪಟ್ಟಿ, ಅದನ್ನು ಬಾಯಿಪಾಠ ಮಾಡಿದವನೇ ಜಾಣ ಎಂಬ ದೂರನ್ನು ನಾನು ಅಧ್ಯಾಪಕನಾಗಿದ್ದಷ್ಟು ವರ್ಷವೂ ಕೇಳಿದ್ದೇನೆ. ಹುಣಸೂರಿನಲ್ಲಿ ಕೇಳಿದೆ, ಪಿರಿಯಾಪಟ್ಟಣದಲ್ಲಿಯೂ ಕೇಳಿದೆ. ಇಸವಿಯನ್ನು ಬರಿಯ ಅಂಕಿಯೆಂದು ಕಂಡಷ್ಟು ಕಾಲ ಆ ದೂರು ನ್ಯಾಯವಾದದ್ದೇ. ಆದರೆ ತಾರೀಖನ್ನೂ ಒಂದು ವಾಕ್ಯದಂತೆ ಓದಬಹುದು. ಬರೆದವನು ಯಾರು, ಅವನು ಯಾವ ದೊರೆಯ ಆಳಿಕೆಯಲ್ಲಿದ್ದ, ಕಾಲವನ್ನು ಎಲ್ಲಿಂದ ಎಣಿಸುತ್ತಿದ್ದ, ಯಾವ ಊರಿನ ಮಳೆಗಾಳಿಯನ್ನು ಕಂಡವನು ಎಂಬುದೆಲ್ಲ ಅದರೊಳಗೆ ಅಡಗಿರುತ್ತದೆ. ಈ ಮಾತನ್ನು ವಿವರಿಸಲು ಇಂದು ಒಂದು ಅವಕಾಶ ಒದಗಿದೆ.

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ. ಅವಳ ಮಗನಿಗೆ ಶಾಲೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ತಾರೀಖು ಹೇಳುವುದನ್ನು, ಬರೆಯುವುದನ್ನು ಕಲಿಸುತ್ತಿದ್ದಾರಂತೆ. "ಮೇಷ್ಟ್ರೇ, ಟಿಪ್ಪುವಿನ ಕಾಲದ ಫ್ರೆಂಚ್ ಕಾಗದಗಳಲ್ಲಿ ವಿಚಿತ್ರವಾದ ತಾರೀಖು ಇರುತ್ತಿತ್ತು ಎಂದು ನೀವು ತರಗತಿಯಲ್ಲಿ ಹೇಳಿದ್ದಿರಿ. ಅದೇನೆಂದು ಮತ್ತೊಮ್ಮೆ ಬರೆಯುವಿರಾ?" ಎಂಬುದು ಅವಳ ಪ್ರಶ್ನೆ. ಆ ತಾಯಿಗೂ ಮಗನಿಗೂ ಉತ್ತರವಾಗಿ, ನಮ್ಮ ಭಾಗದ ಉಳಿದ ಓದುಗರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಮಾತನ್ನೇ ನೋಡೋಣ. 'ತಾರೀಖು' ಎಂಬುದು ಅರಬ್ಬೀ ಮೂಲದ ಪದ. ದಫ್ತರದ ಭಾಷೆಯ ಮೂಲಕ ಕನ್ನಡಕ್ಕೆ ಬಂದದ್ದು. ಆ ಭಾಷೆಯಲ್ಲಿ ಅದಕ್ಕೆ ದಿನಾಂಕವೆಂಬ ಅರ್ಥವೂ ಉಂಟು, ಇತಿಹಾಸವೆಂಬ ಅರ್ಥವೂ ಉಂಟು. 'ಇಸವಿ' ಎಂದರೆ ಈಸಾನದು, ಅಂದರೆ ಏಸುಕ್ರಿಸ್ತನ ಶಕ. 'ದಿನಾಂಕ' ಸಂಸ್ಕೃತ. 'ಪಾಡ್ಯ, ಬಿದಿಗೆ, ತದಿಗೆ, ಚೌತಿ' ಎಂಬುವು ಸಂಸ್ಕೃತದ ತಿಥಿಗಳು ನಮ್ಮ ಅಜ್ಜಿಯರ ನಾಲಗೆಯಲ್ಲಿ ನುಣುಪಾದ ರೂಪಗಳು. ಒಂದು ಮದುವೆಯ ಕರೆಯೋಲೆಯಲ್ಲಿ ಇವೆಲ್ಲ ಒಟ್ಟಿಗೆ ಕುಳಿತಿರುತ್ತವೆ. ಯಾರಿಗೂ ಅದು ಸೋಜಿಗವೆನಿಸುವುದಿಲ್ಲ.

ಇನ್ನು ಫ್ರೆಂಚರ ರೀತಿ. ಅವರು ಮೊದಲು ದಿನ, ಬಳಿಕ ತಿಂಗಳು, ಕೊನೆಗೆ ವರ್ಷ ಎಂಬ ಕ್ರಮದಲ್ಲಿ ಬರೆಯುತ್ತಾರೆ. ನಮ್ಮದೂ ಇದೇ ಕ್ರಮ. ದಿನದ ಅಂಕಿಯ ಹಿಂದೆ 'ಲ' ಎಂಬ ಚಿಕ್ಕ ಪದ ಬರುತ್ತದೆ. ಮಾರ್ಚ್ ಆರು ಎಂಬುದಕ್ಕೆ 'ಲ ಸಿಸ್ ಮಾರ್ಸ್' ಎನ್ನುತ್ತಾರೆ. ನಾವು ಒಂದನೇ ತಾರೀಖು, ಎರಡನೇ ತಾರೀಖು, ಮೂರನೇ ತಾರೀಖು ಎಂದು ಎಲ್ಲ ದಿನಕ್ಕೂ 'ನೇ' ಹಚ್ಚುತ್ತೇವೆ. ಅವರು ಆ ಗೌರವವನ್ನು ತಿಂಗಳ ಮೊದಲ ದಿನಕ್ಕೆ ಮಾತ್ರ ಕೊಡುತ್ತಾರೆ. ಮಾರ್ಚ್ ಒಂದು 'ಲ ಪ್ರೆಮಿಯೇ ಮಾರ್ಸ್', ಎಂದರೆ ಮೊದಲನೆಯದು. ಮಾರ್ಚ್ ಎರಡು 'ಲ ದ್ಯೋ ಮಾರ್ಸ್', ಬರಿಯ ಎರಡು. ಬರೆಯುವಾಗಲೂ ಒಂದನೆಯ ದಿನದ ಅಂಕಿಯ ತಲೆಯ ಬಳಿ ಮಾತ್ರ ಎರಡು ಪುಟ್ಟ ಅಕ್ಷರಗಳನ್ನು ಸೇರಿಸುತ್ತಾರೆ. ತಿಂಗಳ ಹೆಸರನ್ನಾಗಲಿ ವಾರದ ಹೆಸರನ್ನಾಗಲಿ ಇಂಗ್ಲಿಷಿನಂತೆ ದೊಡ್ಡಕ್ಷರದಿಂದ ಆರಂಭಿಸುವುದಿಲ್ಲ. ಮಗು ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ಪಾಠ ಮುಗಿದಂತೆ.

ವಾರಗಳ ಹೆಸರು ಕನ್ನಡದ ಮಕ್ಕಳಿಗೆ ಇನ್ನೂ ಸುಲಭ. 'ಲಂದಿ' ಚಂದ್ರನ ದಿನ, ನಮ್ಮ ಸೋಮವಾರ. 'ಮಾರ್ದಿ' ಮಂಗಳಗ್ರಹದ ದಿನ, 'ಮೆರ್ಕ್ರದಿ' ಬುಧನದು, 'ಜ್ಯೋದಿ' ಗುರುವಿನದು, 'ವಾಂದ್ರದಿ' ಶುಕ್ರನದು. ಶನಿವಾರದ 'ಸಾಮ್ದಿ' ಯೆಹೂದ್ಯರ ವಿಶ್ರಾಂತಿಯ ದಿನದಿಂದ ಬಂದಿದೆ. ಭಾನುವಾರದ 'ದಿಮಾಂಶ್' ಕ್ರೈಸ್ತರ ಪ್ರಭುವಿನ ದಿನ. ಉಳಿದ ಐದರಲ್ಲಿ ನಮಗೂ ಅವರಿಗೂ ಗ್ರಹಗಳು ಒಂದೇ, ಅನುಕ್ರಮವೂ ಒಂದೇ. ಪ್ಯಾರಿಸಿನ ಬುಧವಾರ ಪಿರಿಯಾಪಟ್ಟಣದಲ್ಲಿಯೂ ಬುಧವಾರವೇ. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವರ್ಷವನ್ನು ಹೇಳುವುದು ಮಾತ್ರ ಕೊಂಚ ಕಷ್ಟ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ವೆರ್ಸಾಯ್ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಆ ಇಸವಿಯನ್ನು ಫ್ರೆಂಚರು ಸಾವಿರದ ಏಳುನೂರು, ನಾಲ್ಕು ಇಪ್ಪತ್ತು, ಎಂಟು ಎಂದು ಹೇಳುತ್ತಾರೆ. ಎಂಬತ್ತಕ್ಕೆ ಅವರ ಪದ 'ನಾಲ್ಕು ಇಪ್ಪತ್ತು'. 1799 ಬಂದರೆ ಸಾವಿರದ ಏಳುನೂರು, ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು! ತೊಂಬತ್ತೊಂಬತ್ತನ್ನು ಹೇಳಲು ಮನಸ್ಸಿನಲ್ಲಿ ಗುಣಾಕಾರವನ್ನೂ ಸಂಕಲನವನ್ನೂ ಮಾಡಬೇಕು. ಕನ್ನಡದ ಮಗ್ಗಿ ಬಲ್ಲ ಮಗುವಿಗೆ ಇದು ಭಾರವಾಗಲಾರದು.

ಆ ರಾಯಭಾರಿಗಳು ಕಂಡ ಫ್ರಾನ್ಸ್ ಹೆಚ್ಚು ಕಾಲ ಉಳಿಯಲಿಲ್ಲ. 1789ರಲ್ಲಿ ಕ್ರಾಂತಿಯಾಯಿತು, 1792ರಲ್ಲಿ ಗಣರಾಜ್ಯ ಘೋಷಣೆಯಾಯಿತು. ಅರಸನನ್ನು ಇಳಿಸಿದವರು ಅರಸನ ಕಾಲದ ಪಂಚಾಂಗವನ್ನೂ ಇಳಿಸಿದರು. 1793ರಲ್ಲಿ ಒಪ್ಪಿದ ಹೊಸ ಪಂಚಾಂಗದಲ್ಲಿ ಕಾಲಗಣನೆ 1792ರ ಸೆಪ್ಟೆಂಬರ್ 22ರಿಂದ ಆರಂಭವಾಗುತ್ತದೆ. ಕ್ರಿಸ್ತಶಕವಿಲ್ಲ. 'ಗಣರಾಜ್ಯದ ಒಂದನೆಯ ವರ್ಷ, ಎರಡನೆಯ ವರ್ಷ' ಎಂದು ರೋಮನ್ ಅಂಕಿಗಳಲ್ಲಿ ಎಣಿಕೆ. ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಉಳಿದ ಐದಾರು ದಿನಗಳು ವರ್ಷದ ತುದಿಯಲ್ಲಿ ಹಬ್ಬದ ದಿನಗಳು. ಏಳು ದಿನದ ವಾರವನ್ನು ಕಿತ್ತು ಹತ್ತು ದಿನದ ಗುಂಪುಗಳನ್ನು ಮಾಡಿದರು. ಸೋಮ, ಮಂಗಳ, ಬುಧರು ಹೋಗಿ 'ಪ್ರಿಮಿದಿ', 'ದ್ಯುವೋದಿ', 'ತ್ರಿದಿ' ಎಂಬ ಒಂದನೆಯ, ಎರಡನೆಯ, ಮೂರನೆಯ ದಿನಗಳು ಬಂದವು. ತಿಂಗಳುಗಳಿಗೆ ಕವಿ ಫಾಬ್ರ್ ದೆಗ್ಲಾಂತೀನ್ ಪ್ರಕೃತಿಯ ಹೆಸರುಗಳನ್ನಿಟ್ಟ. ಹಿಮದ ತಿಂಗಳು 'ನಿವೋಜ್', ಮಳೆಯ ತಿಂಗಳು 'ಪ್ಲುವಿಯೋಜ್', ಗಾಳಿಯ ತಿಂಗಳು 'ವಾಂತೋಜ್', ಮೊಳಕೆಯ ತಿಂಗಳು 'ಜೆರ್ಮಿನಾಲ್', ಹೂವಿನ ತಿಂಗಳು 'ಫ್ಲೊರೆಯಾಲ್'.

ಈ ಪಂಚಾಂಗ ಹಡಗು ಹತ್ತಿ ನಮ್ಮ ನಾಡಿನ ಬಾಗಿಲಿಗೂ ಬಂತು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವನ್ನು ಬಯಸಿದ ಟಿಪ್ಪು ಇಂದಿನ ಮಾರಿಷಸ್ ಆದ ಫ್ರೆಂಚ್ ದ್ವೀಪಕ್ಕೆ ತನ್ನವರನ್ನು ಕಳುಹಿಸಿದ. ಅಲ್ಲಿನ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ಸೈನ್ಯ ಸೇರಲು ಇಷ್ಟವಿದ್ದವರು ಮುಂದೆ ಬರಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಅದರ ತಾರೀಖು ಆರನೆಯ ವರ್ಷದ ಪ್ಲುವಿಯೋಜ್ 10, ನಮ್ಮ ಎಣಿಕೆಯಲ್ಲಿ 1798ರ ಜನವರಿಯ ಕೊನೆ. ಗುಟ್ಟಾಗಿರಬೇಕಾದ ಮಾತು ಊರ ಡಂಗುರವಾಯಿತು. ಆ ವರ್ಷದ ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಜೂನ್ ವೇಳೆಗೆ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ಕಾರಣ ಸಿಕ್ಕಿತು. ಶ್ರೀರಂಗಪಟ್ಟಣದ ಫ್ರೆಂಚರು 1797ರಲ್ಲಿ ಜಾಕೋಬಿನ್ ಸಂಘ ಕಟ್ಟಿ ಗಣರಾಜ್ಯದ ಧ್ವಜ ಹಾರಿಸಿದರೆಂಬ ಕಾಗದಗಳನ್ನೂ ಇಂಗ್ಲಿಷರು ಕೋಟೆ ಬಿದ್ದ ಮೇಲೆ ಪ್ರಕಟಿಸಿದರು. ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇನ್ನೊಂದು ಕಾಗದ ಇನ್ನೂ ಪ್ರಸಿದ್ಧವಾದದ್ದು. ಈಜಿಪ್ಟಿಗೆ ಬಂದಿಳಿದಿದ್ದ ಬೋನಪಾರ್ಟ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವದು. ತಾನು ಅಪಾರ ಸೈನ್ಯದೊಡನೆ ಕೆಂಪು ಸಮುದ್ರದ ತೀರಕ್ಕೆ ಬಂದಿರುವುದಾಗಿಯೂ ಇಂಗ್ಲಿಷರ ನೊಗದಿಂದ ಅವನನ್ನು ಬಿಡಿಸಲು ಬಯಸಿರುವುದಾಗಿಯೂ ಅದರಲ್ಲಿ ತಿಳಿಸಿದ್ದ. ಪತ್ರದ ತಾರೀಖು ಏಳನೆಯ ವರ್ಷದ ಪ್ಲುವಿಯೋಜ್ 7. ತಾರೀಖನ್ನು ಓದಲು ಬಾರದವನಿಗೆ ಇದು ಬರಿಯ ಒಗಟು. ಬಿಡಿಸಿದರೆ 1799ರ ಜನವರಿ 26. ಈಗ ಅದರ ಪಕ್ಕದಲ್ಲಿ ಉಳಿದ ದಿನಗಳನ್ನು ಇಟ್ಟು ನೋಡಿ. ಫೆಬ್ರವರಿ 11ಕ್ಕೆ ಜನರಲ್ ಹ್ಯಾರಿಸನ ಸೈನ್ಯ ವೆಲ್ಲೂರಿನಿಂದ ಹೊರಟಿತು. ಮಾರ್ಚ್ 5ಕ್ಕೆ ಮೈಸೂರಿನ ಗಡಿ ದಾಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಪತ್ರವಂತೂ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿ, ಬರೆಯಿಸಿಕೊಂಡವನನ್ನು ಮುಟ್ಟಲೇ ಇಲ್ಲ. ಬರೆದ ದಿನದಿಂದ ಸುಲ್ತಾನನ ಸಾವಿನವರೆಗೆ ನೂರು ದಿನಕ್ಕಿಂತಲೂ ಎರಡು ದಿನ ಕಡಿಮೆ. ಅಷ್ಟರೊಳಗೆ ಕೈರೋದಿಂದ ಕಾವೇರಿಗೆ ಸೈನ್ಯ ಬರುವ ಮಾತೆಲ್ಲಿ? ಫ್ರೆಂಚರ ನೆರವು ಕಾಗದದಲ್ಲಿಯೇ ಉಳಿಯಿತೆಂಬುದಕ್ಕೆ ಆ ತಾರೀಖೇ ಸಾಕ್ಷಿ.

ಈ ನಡುವೆ, ಮಾರ್ಚ್ 6ರಂದು, ನಮ್ಮ ಪಿರಿಯಾಪಟ್ಟಣದ ಬಳಿ ಒಂದು ಯುದ್ಧ ನಡೆಯಿತು. ಹ್ಯಾರಿಸನ ಸೈನ್ಯ ಪೂರ್ವದಿಂದ ಬರುತ್ತಿರುವಾಗ ಬೊಂಬಾಯಿಯ ಸೈನ್ಯ ಜನರಲ್ ಸ್ಟುವರ್ಟನ ಕೈಕೆಳಗೆ ಕೊಡಗಿನ ಮಾರ್ಗವಾಗಿ ಬರುತ್ತಿತ್ತು. ಅದರ ಮುಂಚೂಣಿಯ ಪಡೆ ಗಡಿಯ ಸಿದ್ದೇಶ್ವರದಲ್ಲಿ ತಂಗಿತ್ತು. ಇಂಗ್ಲಿಷರ ದಾಖಲೆಗಳು ಈ ಊರನ್ನು 'ಸೀಡಸೀರ್' ಎಂದು ಬರೆದಿವೆ. ಇಂಗ್ಲಿಷರಿಗೆ ಬೆಂಬಲವಾಗಿ ಕೊಡಗಿನ ಅರಸ ವೀರರಾಜೇಂದ್ರನಿದ್ದ. ಹಿಂದಿನ ದಿನವೇ ಬೆಟ್ಟದ ಮೇಲಿನಿಂದ ಪಿರಿಯಾಪಟ್ಟಣದ ಕಡೆ ಡೇರೆಗಳು ಏಳುತ್ತಿರುವುದು ಕಂಡಿತ್ತು. ಟಿಪ್ಪು ಕಾಡಿನ ಮರೆಯಲ್ಲಿ ಬಂದು ಮುಂಚೂಣಿಯನ್ನು ಎರಡು ಕಡೆಯಿಂದ ಮುತ್ತಿದ. ಗಂಟೆಗಟ್ಟಲೆ ಕಾದಾಟ ನಡೆಯಿತು. ಸ್ಟುವರ್ಟ್ ಹಿಂದಿನಿಂದ ಬಲ ತಂದು ಸೇರಿಕೊಂಡಾಗ ಟಿಪ್ಪು ಪಿರಿಯಾಪಟ್ಟಣಕ್ಕೆ ಹಿಂದಿರುಗಬೇಕಾಯಿತು. ಕೆಲವು ದಿನ ಅಲ್ಲಿದ್ದು ಬಳಿಕ ಶ್ರೀರಂಗಪಟ್ಟಣದ ಕಡೆ ನಡೆದ. ಆ ವರ್ಷದ ಯುದ್ಧದಲ್ಲಿ ಅವನು ತಾನಾಗಿ ಮುನ್ನುಗ್ಗಿ ಹೊಡೆದ ಮೊದಲ ಪೆಟ್ಟು ನಮ್ಮ ನೆಲದಲ್ಲಿ ಬಿದ್ದಿತು, ಫಲಿಸಲಿಲ್ಲ.

ಆ ಒಂದು ದಿನಕ್ಕೆ ಎಷ್ಟು ತಾರೀಖು ಇದ್ದವೆಂದು ಎಣಿಸೋಣ. ಸ್ಟುವರ್ಟನ ವರದಿಗೆ ಅದು 1799ರ ಮಾರ್ಚ್ 6. ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಗಣರಾಜ್ಯವಾದಿಗೆ ಏಳನೆಯ ವರ್ಷದ ವಾಂತೋಜ್ 16. ಮಸೀದಿಯಲ್ಲಿ ನಮಾಜು ಮಾಡಿದವರಿಗೆ ಹಿಜರಿ 1213ರ ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ ಒಂದು. ಸುಲ್ತಾನನ ದಫ್ತರಕ್ಕೆ ಮೌಲೂದಿ ಶಕ 1226ರ 'ರಾಝಿ' ಎಂಬ ತಿಂಗಳು. ಪಿರಿಯಾಪಟ್ಟಣದ ಶಾನುಭೋಗನಿಗೂ ಎಡತೊರೆಯ ಅರ್ಚಕನಿಗೂ ಶಾಲಿವಾಹನ ಶಕ 1720, ಕಾಳಯುಕ್ತಿ ಸಂವತ್ಸರ, ಮಾಘ ಬಹುಳ ಅಮಾವಾಸ್ಯೆ. ಎಂದರೆ ಮಹಾಶಿವರಾತ್ರಿ ಆಗಷ್ಟೇ ಕಳೆದಿತ್ತು. 'ಮಾರ್ಚ್ 6' ಎಂದಾಗ ಕಾಣದ ಒಂದು ಚಿತ್ರ ಈ ಐದನೆಯ ತಾರೀಖಿನಲ್ಲಿ ಕಾಣುತ್ತದೆ. ಜಾಗರಣೆ ಮುಗಿಸಿದ ಹಳ್ಳಿಗಳು, ಉಪವಾಸದ ತಿಂಗಳ ಕೊನೆಯಲ್ಲಿರುವ ಸೈನಿಕರು, ಚಂದ್ರನೇ ಇಲ್ಲದ ಇರುಳು ಕಣ್ಣ ಮುಂದೆ ಬರುತ್ತವೆ. ಹೀಗೆ ತಾರೀಖು ಐದು. ವಾರ ಮಾತ್ರ ಒಂದೇ, ಬುಧವಾರ. ಫ್ರೆಂಚ್ ಗಣರಾಜ್ಯವೊಂದೇ ಆ ಬುಧವಾರವನ್ನೂ ಅಳಿಸಿ ಅದನ್ನು 'ಸೆಕ್ಸ್ತಿದಿ', ಆರನೆಯ ದಿನ, ಎಂದು ಕರೆದಿತ್ತು.

ಸುಲ್ತಾನನ ಪಂಚಾಂಗದ ಬಗ್ಗೆ ಎರಡು ಮಾತು ಹೇಳಬೇಕು. ಅವನೂ ಫ್ರೆಂಚರಂತೆ, ಅವರಿಗಿಂತ ಕೆಲವು ವರ್ಷ ಮೊದಲೇ, ಕಾಲಗಣನೆಯನ್ನು ಹೊಸದಾಗಿ ಕಟ್ಟಿದ. ಹಿಜರಿಯನ್ನು ಬಿಟ್ಟು ಪ್ರವಾದಿಯವರ ಜನನದಿಂದ ಎಣಿಸುವುದೆಂದು ಹೇಳಲಾಗುವ ಮೌಲೂದಿ ಶಕವನ್ನು 1787ರಿಂದ ನಾಣ್ಯಗಳ ಮೇಲೆ ಹಾಕಿಸಿದ. ಆ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಹಮದಿ, ಬಹಾರಿ, ತಕಿ ಎಂದು ತಿಂಗಳುಗಳಿಗೆ ಹೊಸ ಹೆಸರಿಟ್ಟ. ಹೆಸರಿನ ಮೊದಲಕ್ಷರವೇ ತಿಂಗಳ ಸಂಖ್ಯೆಯನ್ನು ಸೂಚಿಸುವ ಜಾಣತನ ಅದರಲ್ಲಿತ್ತು. ಅರವತ್ತು ಸಂವತ್ಸರಗಳಿಗೂ ಬೇರೆ ಹೆಸರು ಬಂತು. ಆದರೆ ಹೆಸರಿನ ಹೊದಿಕೆಯನ್ನು ಸರಿಸಿ ನೋಡಿದರೆ ಒಳಗಿರುವುದು ನಮ್ಮ ಚೈತ್ರ, ವೈಶಾಖಗಳೇ. ಅಹಮದಿ ಎಂದರೆ ಚೈತ್ರ, ರಾಝಿ ಎಂದರೆ ಮಾಘ. ಇದಕ್ಕೆ ಕಾರಣ ಕಂದಾಯ. ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಅದರ ತಿಂಗಳುಗಳು ಋತುವಿನಿಂದ ಋತುವಿಗೆ ಜಾರುತ್ತವೆ. ರಾಗಿ ಕಣಕ್ಕೆ ಬರುವುದು ಹಾಗೆ ಜಾರುವುದಿಲ್ಲ. ದೊರೆ ಹೆಸರನ್ನು ಬದಲಿಸಬಲ್ಲ, ಬೆಳೆಯ ಕಾಲವನ್ನು ಬದಲಿಸಲಾರ.

ಫ್ರೆಂಚರ ಪಂಚಾಂಗ ಈ ವಿಷಯದಲ್ಲಿ ಎಡವಿತು. ಅದು ಎಲ್ಲ ಮಾನವರಿಗೂ ಸಲ್ಲುವ ಪಂಚಾಂಗವೆಂದು ಅದನ್ನು ಮಾಡಿದವರ ಹೆಮ್ಮೆ. ಅದರಲ್ಲಿದ್ದ ಪ್ರಕೃತಿಯಾದರೋ ಫ್ರಾನ್ಸಿನದು. 'ಮಳೆಯ ತಿಂಗಳು' ಜನವರಿ 20ರ ಸುಮಾರಿಗೆ ಮೊದಲಾಗುತ್ತದೆ. ಆ ಹೊತ್ತಿನಲ್ಲಿ ಹುಣಸೂರಿನಲ್ಲಾಗಲಿ ಎಚ್.ಡಿ. ಕೋಟೆಯಲ್ಲಾಗಲಿ ಯಾರು ಮಳೆಯನ್ನು ನಿರೀಕ್ಷಿಸುತ್ತಾರೆ? ಕಣದಲ್ಲಿ ಒಕ್ಕಣೆ ಮುಗಿಯುವ ಕಾಲವದು. ಮಳೆ ಬಂದರೆ ರೈತ ಹಣೆ ಚಚ್ಚಿಕೊಳ್ಳಬೇಕು. ನಮ್ಮವರ ಮಳೆಯ ತಾರೀಖುಗಳೇ ಬೇರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸೂರ್ಯ ನಡೆಯುವ ನಕ್ಷತ್ರಗಳನ್ನು ಹಿಡಿದು ಅವರು ಎಣಿಸುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಸಸಿ ನೆಡುವವರು ಇಂದಿಗೂ ಕೈಯಲ್ಲಿ ಮೊಬೈಲ್ ಫೋನ್ ಇದ್ದರೂ 'ಯಾವ ಮಳೆ ನಡೀತಿದೆ?' ಎಂದು ಕೇಳುತ್ತಾರೆ. ಫ್ರೆಂಚ್ ಗಣರಾಜ್ಯದ ಪಂಚಾಂಗವನ್ನು ನೆಪೋಲಿಯನ್ನನೇ ರದ್ದುಮಾಡಿ 1806ರ ಜನವರಿ 1ರಿಂದ ಹಳೆಯ ಪಂಚಾಂಗವನ್ನು ಮರಳಿ ತಂದ. ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ಮೌಲೂದಿ ಶಕ ಅದನ್ನು ತಂದ ಸುಲ್ತಾನನೊಂದಿಗೇ ಮುಗಿಯಿತು. ಆರಿದ್ರಾ ಮಳೆ ಇನ್ನೂ ಇದೆ.

ಹಾಗಾದರೆ ಇಷ್ಟು ಬಗೆಯ ತಾರೀಖುಗಳ ನಡುವೆ ಚರಿತ್ರೆಯನ್ನು ಬರೆಯುವವರು ದಾರಿ ಕಾಣುವುದು ಹೇಗೆ? ಇಲ್ಲಿಯೇ ವಾರ ನೆರವಿಗೆ ಬರುತ್ತದೆ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲ್ಲೂಕುಗಳ ಶಾಸನಗಳಿವೆ. ಎಡತೊರೆ ತಾಲ್ಲೂಕೇ ಮುಂದೆ ಕೃಷ್ಣರಾಜನಗರವಾಯಿತು. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಒಂದರ ಹಿಂದೆ ಒಂದು ಬರುವುದುಂಟು. ಮಕ್ಕಳಿಗೆ ಇದು ಪುರೋಹಿತರ ಉದ್ದದ ಸಂಕಲ್ಪದಂತೆ ಕಾಣುತ್ತದೆ. ವಿದ್ವಾಂಸರಿಗೆ ಅದೊಂದು ತಾಳೆ ನೋಡುವ ಪಟ್ಟಿ. ಕಲ್ಲು ಸವೆದು ಶಕವರ್ಷದ ಒಂದು ಅಂಕಿ ಹೋಗಿದ್ದರೆ ಸಂವತ್ಸರ ಅದನ್ನು ತುಂಬುತ್ತದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದು ಯಾವ ಸುತ್ತಿನದೆಂದು ಆಳುವ ಅರಸನ ಹೆಸರು ತಿಳಿಸುತ್ತದೆ. ಕೊನೆಗೆ ತಿಥಿಯೂ ವಾರವೂ ಕೂಡಿಬಂದರೆ ತಾರೀಖು ನಿಜ, ಕೂಡದಿದ್ದರೆ ಎಲ್ಲೋ ತೊಡಕಿದೆ. ಈ ಲೆಕ್ಕಕ್ಕೆಂದೇ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಕೋಷ್ಟಕಗಳ ಗ್ರಂಥವನ್ನು ಹೊರತಂದರು. ಸ್ವಾಮಿಕಣ್ಣು ಪಿಳ್ಳೆಯವರು ಆಮೇಲೆ ಅದನ್ನು ಇನ್ನಷ್ಟು ವಿಸ್ತಾರಗೊಳಿಸಿದರು.

ಇದೇ ಲೆಕ್ಕವನ್ನು ನಾನು ಶಾಲೆಯ ದಾಖಲಾತಿ ಪುಸ್ತಕದ ಮುಂದೆ ಕುಳಿತು ಮಾಡಿದ್ದೇನೆ. ಜನನ ಮರಣ ನೋಂದಣಿಯ ಕಾಯ್ದೆ 1969ರಲ್ಲಿಯೇ ಬಂದಿದ್ದರೂ ಹಾಡಿಗಳಲ್ಲಿ, ಹಳ್ಳಿಗಳಲ್ಲಿ ಬಹುಕಾಲ ಅದು ಕಾಗದಕ್ಕೆ ಇಳಿದಿರಲಿಲ್ಲ. ಮಗುವನ್ನು ಕರೆತಂದ ತಾಯಿ 'ಗೌರಿಹಬ್ಬದ ಹಿಂದಿನ ಸೋಮವಾರ ಹುಟ್ಟಿದ್ದು, ಆ ವರ್ಷ ಹೊಳೆ ತುಂಬಿ ಬಂದಿತ್ತು' ಎನ್ನುವಳು. 'ಆರಿದ್ರಾ ಮಳೇಲಿ' ಎನ್ನುವಳು ಇನ್ನೊಬ್ಬಳು. ಅಂಥ ಮಕ್ಕಳಿಗೆಲ್ಲ ಶಾಲೆ ತೆರೆಯುವ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆಯುವ ರೂಢಿ ನಾಡಿನಲ್ಲೆಲ್ಲ ಇತ್ತು. ನಾನು ಹಳೆಯ ಪಂಚಾಂಗಗಳ ಕಟ್ಟನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಹಬ್ಬವನ್ನೂ ವಾರವನ್ನೂ ಹೇಳಿದ ತಾಯಂದಿರ ಮಾತನ್ನು ಹಿಡಿದು ಪುಟ ತಿರುವಿದರೆ ಎಷ್ಟೋ ಸಲ ತಾರೀಖು ಸಿಕ್ಕಿಬಿಡುತ್ತಿತ್ತು. ಓದುಬರಹ ಬಾರದ ಆ ತಾಯಂದಿರು ಮಗುವಿನ ದಿನವನ್ನು ಎಂದೂ ಮರೆತಿರಲಿಲ್ಲ. ಅವರ ತಾರೀಖು ನಮ್ಮ ನಮೂನೆಯ ಅಂಕಣಕ್ಕೆ ಹೊಂದುತ್ತಿರಲಿಲ್ಲ, ಅಷ್ಟೆ. ಅಂದು ಹಾಗೆ ಬರೆದ ತಾರೀಖುಗಳು ಇಂದು ನಿಮ್ಮಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿವೆ.

ಹೊರದೇಶದಲ್ಲಿರುವವರಿಗೆ ಒಂದು ಎಚ್ಚರಿಕೆಯ ಮಾತು. ನಾವೂ ಫ್ರೆಂಚರೂ 6/3 ಎಂದರೆ ಮಾರ್ಚ್ ಆರು. ಅಮೆರಿಕದವರಿಗೆ ಅದು ಜೂನ್ ಮೂರು. ಊರಿನ ಆಸ್ತಿಪತ್ರ, ಜನ್ಮಪತ್ರಗಳನ್ನು ಅಲ್ಲಿ ಒಪ್ಪಿಸುವಾಗ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ವರ್ಷ, ತಿಂಗಳು, ದಿನ ಎಂಬ ಅನುಕ್ರಮದ ಅಂತರರಾಷ್ಟ್ರೀಯ ಪದ್ಧತಿಯೂ ಇದೆ, ಅದರಲ್ಲಿ ಗೊಂದಲವಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ನಿಮ್ಮ ಮನೆಯ ಟ್ರಂಕುಗಳಲ್ಲಿ, ಅಟ್ಟದ ಮೇಲೆ ತಾತಂದಿರ ಕಾಗದಗಳು, ಸಾಲಪತ್ರಗಳು, ವಿಭಾಗಪತ್ರಗಳು ಇನ್ನೂ ಇರಬಹುದು. ಅವುಗಳ ತಲೆಯಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಇರುತ್ತದೆ. ನಕಲು ಮಾಡಿಕೊಳ್ಳುವಾಗ 'ಇದೇನು ಉದ್ದ ಪುರಾಣ' ಎಂದು ಅದನ್ನು ಬಿಟ್ಟು ಇಸವಿಯೊಂದನ್ನೇ ಬರೆದುಕೊಳ್ಳಬೇಡಿ. ಇದ್ದುದನ್ನು ಇದ್ದಂತೆಯೇ, ವಾರದ ಸಮೇತ ಬರೆದುಕೊಳ್ಳಿ. ಇಸವಿಗೆ ತಿರುಗಿಸುವ ಕೆಲಸ ಆಮೇಲೆ ಯಾವಾಗ ಬೇಕಾದರೂ ಆದೀತು. ಹಾಳೆ ಗೆದ್ದಲಿಗೆ ಹೋದ ಮೇಲೆ, ಬಿಟ್ಟುಹೋದ ಒಂದು 'ಬುಧವಾರ'ವನ್ನು ಯಾವ ವಿದ್ವಾಂಸನೂ ಹಿಂದಕ್ಕೆ ತರಲಾರ. ಅಂಥ ಕಾಗದ ಯಾರಲ್ಲಿಯಾದರೂ ಇದ್ದು ತಾರೀಖು ಬಿಡಿಸಲು ಬಾರದಿದ್ದರೆ ನನಗೆ ಬರೆಯಿರಿ. ಹಳೆಯ ಪಂಚಾಂಗಗಳ ಆ ಕಟ್ಟು ಇನ್ನೂ ನನ್ನಲ್ಲಿದೆ.